ಸೇಂಟ್ ಕಿಲ್ಡಾ

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ದ್ವೀಪಸಮೂಹ. ಔಟರ್ ಹೆಬ್ರಿಡೀಸ್ ಸಾಲಿನ ನಾರ್ತ್ ಯೂಯಿಸ್ಟ್ ದ್ವೀಪವನ್ನು ದಾಟಿ ಸುಮಾರು 64 ಕಿ.ಮೀ. ಹೋದರೆ ಸಿಗುತ್ತದೆ. ಹಿರ್ಟಾ, ಸೋಯೆ, ಬೋರರೆ, ಡೂನ್ ಎಂಬ ನಾಲ್ಕು ದ್ವೀಪಗಳೂ ಕಡಲಿನಿಂದ ನೆಟ್ಟಗೆ ಎದ್ದ ಹಲವು ಬಂಡೆಗೋಪುರಗಳೂ ಇದರಲ್ಲಿ ಸೇರಿವೆ. ಸ್ಟ್ಯಾಕ್ ಎಂದು ಕರೆಯುವ ಈ ಗೋಪುರಗಳಲ್ಲಿ ಸ್ಟ್ಯಾಕ್ ಆನ್ ಆರ್ಮಿನ್ 196 ಮೀಟರ್ ಎತ್ತರವಿದ್ದು, ಇಡೀ ಬ್ರಿಟನ್ನಿನಲ್ಲೇ ಎತ್ತರದ್ದು. ಎಲ್ಲವೂ ಸುಮಾರು 6 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯೊಂದರ ಅಳಿದುಳಿದ ಅಂಚುಗಳು. ಜನವಸತಿ ಇದ್ದದ್ದು ಹಿರ್ಟಾದಲ್ಲಿ ಮಾತ್ರ. ಅಲ್ಲಿನ ಕೊನೆಯ 36 ಮಂದಿ 1930ರ ಆಗಸ್ಟ್ 29ರಂದು ಊರು ತೊರೆದರು. ಕಿಲ್ಡಾ ಎಂಬ ಸಂತರು ಯಾರೂ ಇರಲಿಲ್ಲ. ನಕಾಶೆ ಬರೆದವರ ಕೈಯಲ್ಲಿ ಹುಟ್ಟಿದ ಹೆಸರಿದು ಎಂಬುದು ಸಾಮಾನ್ಯ ಅಭಿಪ್ರಾಯ.

ಮನುಷ್ಯರು ಇಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಾಳಿದ್ದಾರೆ. ಕಲ್ಲಿನ ಸಲಕರಣೆಗಳು, ನೆಲದಡಿಯ ಕಲ್ಲುಗೂಡು, ನಾರ್ಸ್ ಮೂಲದ ಸ್ಥಳನಾಮಗಳು ಇದಕ್ಕೆ ಸಾಕ್ಷಿ. ಆದರೆ ಬರಹದಲ್ಲಿ ದ್ವೀಪ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 1697ರಲ್ಲಿ. ಸ್ಕೈ ದ್ವೀಪದ ಮಾರ್ಟಿನ್ ಮಾರ್ಟಿನ್ ಆ ವರ್ಷ ತೆರೆದ ದೋಣಿಯಲ್ಲಿ ಬಂದು ಕೆಲವು ವಾರ ಇದ್ದು, ಮರುವರ್ಷ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ. ಅವನು ಕಂಡಾಗ ಜನಸಂಖ್ಯೆ ಸುಮಾರು 180. ಹಣದ ಹಂಗಿಲ್ಲದ, ದುರಾಸೆಯಿಲ್ಲದ, ತಮ್ಮ ಪಾಡಿಗೆ ಸುಖವಾಗಿರುವ ಜನ ಎಂದು ಅವನು ಬರೆದ ಚಿತ್ರ ಮುಂದಿನ ಎರಡು ಶತಮಾನ ಓದುಗರ ತಲೆಯಲ್ಲಿ ಕೂತಿತು. ಆ ಚಿತ್ರ ಪೂರ್ತಿ ಸುಳ್ಳಲ್ಲ. ಆದರೆ ಅದೇ ಹಾಳೆಗಳಲ್ಲಿ ಗೇಣಿಯ ಲೆಕ್ಕವೂ ಇದೆ ಎಂಬುದನ್ನು ಆಮೇಲೆ ಬಂದ ಬಹುಪಾಲು ಲೇಖಕರು ಮರೆತರು.

ದ್ವೀಪಗಳು ಡನ್‌ವೆಗನ್ ಕೋಟೆಯ ಮೆಕ್‌ಲೌಡ್ ಮನೆತನಕ್ಕೆ ಸೇರಿದ್ದವು. ಒಡೆಯರ ಪಾರುಪತ್ಯಗಾರ ಬೇಸಿಗೆಯಲ್ಲಿ ಪರಿವಾರದೊಡನೆ ಬಂದಿಳಿದು, ಹಕ್ಕಿಯ ಗರಿ, ಎಣ್ಣೆ, ಬಾರ್ಲಿ, ಉಣ್ಣೆಯ ರೂಪದಲ್ಲಿ ಗೇಣಿ ಎತ್ತಿಕೊಂಡು ಹೋಗುತ್ತಿದ್ದ. ಉಪ್ಪು, ಕಬ್ಬಿಣ, ಮರ ಮುಂತಾದವು ಅವನ ಮೂಲಕವೇ ಬರಬೇಕಿತ್ತು. ಅಂದರೆ ಹೊರಲೋಕದ ಹಿಡಿತ ಇಲ್ಲಿ ಯಾವತ್ತೂ ಇದ್ದೇ ಇತ್ತು. ವರ್ಷದಲ್ಲಿ ಬಹುಕಾಲ ಅದು ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ.

ಇಲ್ಲಿನ ಬದುಕಿನ ಬುನಾದಿ ಕಡಲಹಕ್ಕಿ. ಸುತ್ತ ಮೀನಿದ್ದರೂ ಅಬ್ಬರದ ಕಡಲು, ದೋಣಿ ಇಳಿಸಲು ತಕ್ಕ ಬಂದರಿಲ್ಲದ ದಡ. ಹಾಗಾಗಿ ಜನ ಸಮುದ್ರಕ್ಕಿಂತ ಬಂಡೆಯನ್ನೇ ನೆಚ್ಚಿದರು. ಗ್ಯಾನೆಟ್, ಫುಲ್ಮಾರ್, ಪಫಿನ್ ಎಂಬ ಮೂರು ಹಕ್ಕಿಗಳು ಊಟದ ತಟ್ಟೆಯನ್ನೂ ಗೇಣಿಯ ಮೂಟೆಯನ್ನೂ ತುಂಬಿಸಿದವು. ವಸಂತದಲ್ಲಿ ಮೊಟ್ಟೆ, ಆಗಸ್ಟಿನಲ್ಲಿ ಇನ್ನೂ ಹಾರಲು ಕಲಿಯದ ಫುಲ್ಮಾರ್ ಮರಿ, ಬಳಿಕ ಕೊಬ್ಬಿದ ಗ್ಯಾನೆಟ್ ಮರಿ. ಫುಲ್ಮಾರ್ ಹೆದರಿದಾಗ ಕಾರುವ ಹೊಟ್ಟೆಯ ಎಣ್ಣೆ ದೀಪಕ್ಕೂ ಔಷಧಕ್ಕೂ ಆಗುತ್ತಿತ್ತು. ಗಂಡಸರು ಬರಿಗಾಲಲ್ಲಿ, ಕುದುರೆಗೂದಲಿನ ಇಲ್ಲವೇ ಉಪ್ಪುಹಾಕಿದ ದನದ ತೊಗಲಿನ ಹಗ್ಗ ಕಟ್ಟಿಕೊಂಡು ನೂರಾರು ಮೀಟರ್ ಕಡಿದಾದ ಬಂಡೆಗಳಿಂದ ಇಳಿಯುತ್ತಿದ್ದರು. ಒಂದು ಹಗ್ಗ ಮನೆಯ ಅತಿ ಬೆಲೆಬಾಳುವ ಆಸ್ತಿ. ಮದುವೆಯಾಗಬಯಸುವ ಹುಡುಗ ಪ್ರಪಾತದ ಮೇಲೆ ಚಾಚಿಕೊಂಡ ಬಂಡೆಯೊಂದರ ತುದಿಯಲ್ಲಿ ಒಂದೇ ಹಿಮ್ಮಡಿಯ ಮೇಲೆ ನಿಂತು, ಬಾಗಿ ಕೈ ಚಾಚಿ ತೋರಿಸಬೇಕಿತ್ತೆಂದು ಮಾರ್ಟಿನ್ ಹೇಳುತ್ತಾನೆ. ಹೆಂಡತಿಯನ್ನು ಸಾಕುವ ತಾಕತ್ತು ಎಂದರೆ ಬಂಡೆ ಹತ್ತುವ ತಾಕತ್ತು ಎಂದೇ ಅರ್ಥವಿದ್ದ ಊರಿನಲ್ಲಿ ಇದು ಬರೀ ಶೋಕಿಯಾಗಿರಲಿಕ್ಕಿಲ್ಲ. ಹಾಗೆ ಚಾಚಿಕೊಂಡ ಬಂಡೆಯನ್ನು ಪ್ರವಾಸಿಗರಿಗೆ ಇಂದಿಗೂ ತೋರಿಸುತ್ತಾರೆ.

ಹಿಡಿದ ಹಕ್ಕಿಯನ್ನು ಕೆಡದಂತೆ ಇಡಲು ಉಪ್ಪು ಸಾಲದು. ಇದಕ್ಕೆ ದ್ವೀಪದವರು ಕಂಡುಕೊಂಡ ಉಪಾಯವೇ ಕ್ಲೇಟ್: ಗಾರೆಯಿಲ್ಲದೆ ಜೋಡಿಸಿದ ಕಲ್ಲುಗೋಡೆ, ಮೇಲೆ ಚಪ್ಪಡಿ ಹಾಸಿ ಹುಲ್ಲುಹೆಂಟೆಯ ಹೊದಿಕೆ. ಮಳೆಯನ್ನು ಹೆಂಟೆ ತಡೆಯುತ್ತದೆ, ಕಲ್ಲಿನ ಸಂದುಗಳಲ್ಲಿ ಗಾಳಿ ಹಾಯುತ್ತದೆ, ಒಳಗಿಟ್ಟದ್ದು ಒಣಗುತ್ತದೆ. ಹಕ್ಕಿ, ಮೊಟ್ಟೆ, ಗರಿ, ಹುಲ್ಲು, ಉರುವಲು ಎಲ್ಲಕ್ಕೂ ಇದೇ ಉಗ್ರಾಣ. ಹಿರ್ಟಾ ಒಂದರಲ್ಲೇ ಇಂಥವು 1,200ಕ್ಕೂ ಹೆಚ್ಚಿವೆ. ಸೇಂಟ್ ಕಿಲ್ಡಾದವರು ಶಿಲ್ಪವೆಂದು ಬಿಟ್ಟುಹೋದದ್ದು ಏನಾದರೂ ಇದ್ದರೆ ಅದು ಚರ್ಚಲ್ಲ, ಮನೆಗಳಲ್ಲ, ಈ ಕ್ಲೇಟ್‌ಗಳು.

ದಿನದ ಕೆಲಸವನ್ನು ತೀರ್ಮಾನಿಸಲು ಗಂಡಸರು ಬೆಳಿಗ್ಗೆ ಬೀದಿಯಲ್ಲಿ ಸೇರುತ್ತಿದ್ದರು. ಇದಕ್ಕೆ ಪಾರ್ಲಿಮೆಂಟ್ ಎಂದು ಹೆಸರಿಟ್ಟವರು ಹೊರಗಿನವರು. ಅಧ್ಯಕ್ಷನಿಲ್ಲ, ನಿಯಮವಿಲ್ಲ, ಕೆಲವೊಮ್ಮೆ ಮಾತು ಬೆಳೆದು ಕೆಲಸವೇ ಕೆಡುತ್ತಿತ್ತಂತೆ. ಹೊಲದ ಪಟ್ಟಿಗಳನ್ನೂ ಹಕ್ಕಿ ಹಿಡಿಯುವ ಬಂಡೆಗಳನ್ನೂ ಕುಟುಂಬಗಳ ನಡುವೆ ಹಂಚಿಕೊಳ್ಳುತ್ತಿದ್ದರು, ಅಶಕ್ತರಿಗೂ ಪಾಲು ಸಲ್ಲುತ್ತಿತ್ತು. ಇದನ್ನೇ ಹಿಡಿದು ಆದರ್ಶ ಗಣರಾಜ್ಯವೆಂದು ಹಾಡಿ ಹೊಗಳಿದವರುಂಟು. ಸಾಲದ ಲೆಕ್ಕ ಬರೆದಿಡುತ್ತಿದ್ದ ಪಾರುಪತ್ಯಗಾರ ಆ ಹೊಗಳಿಕೆಯಲ್ಲಿ ಎಲ್ಲೂ ಕಾಣುವುದಿಲ್ಲ.

18ನೆಯ ಶತಮಾನದ ದೊಡ್ಡ ಆಘಾತ ಸಿಡುಬು. ಹ್ಯಾರಿಸ್ ದ್ವೀಪಕ್ಕೆ ಹೋಗಿದ್ದ ಒಬ್ಬಾತ ಅಲ್ಲೇ ಸಿಡುಬಿನಿಂದ ಸತ್ತ. ಮರುವರ್ಷ, 1727ರಲ್ಲಿ, ಅವನ ಬಟ್ಟೆಗಳು ಊರಿಗೆ ಬಂದವು. ಅದೇ ಆಗಸ್ಟಿನಲ್ಲಿ ಮೂವರು ಗಂಡಸರನ್ನೂ ಎಂಟು ಹುಡುಗರನ್ನೂ ಗ್ಯಾನೆಟ್ ಹಿಡಿಯಲು ಸ್ಟ್ಯಾಕ್ ಆನ್ ಆರ್ಮಿನ್ ಮೇಲೆ ಇಳಿಸಲಾಗಿತ್ತು. ಅವರನ್ನು ವಾಪಸು ಕರೆತರಲು ದೋಣಿ ನಡೆಸುವಷ್ಟು ಜನ ಊರಿನಲ್ಲಿ ಉಳಿಯಲಿಲ್ಲ. ಹಕ್ಕಿ, ಮೀನು ತಿಂದು, ಬಂಡೆಯ ಮೇಲಿನ ಕಲ್ಲುಗೂಡಿನಲ್ಲಿ ಚಳಿಗಾಲ ಕಳೆದು, 1728ರ ಮೇ ತಿಂಗಳಲ್ಲಿ ಪಾರುಪತ್ಯಗಾರನ ದೋಣಿ ಬಂದಾಗ ಹನ್ನೊಂದು ಜನರೂ ಬದುಕಿದ್ದರು. ಊರು ಬಹುಪಾಲು ಖಾಲಿಯಾಗಿತ್ತು. ಒಡೆಯರು ಬೇರೆ ದ್ವೀಪಗಳಿಂದ ಕುಟುಂಬಗಳನ್ನು ಕರೆತಂದು ಕೂರಿಸಿದರು. ಆದ್ದರಿಂದ ಮುಂದಿನ ಸೇಂಟ್ ಕಿಲ್ಡಾದ ಜನರಲ್ಲಿ ಹೆಚ್ಚಿನವರು ವಲಸೆಗಾರರ ಸಂತಾನ. ಅನಾದಿಯಿಂದ ಕೆಡದೆ ಉಳಿದ ಜನಾಂಗ ಎಂಬ ಮಾತು ನಿಲ್ಲುವುದಿಲ್ಲ.

ಯಾರಿಗೂ ಕಾಣದಂತೆ ಒಬ್ಬರನ್ನು ಮುಚ್ಚಿಡಲೂ ಈ ಜಾಗ ಒದಗಿತು. ಎಡಿನ್‌ಬರದ ನ್ಯಾಯಾಧೀಶ ಲಾರ್ಡ್ ಗ್ರೇಂಜ್ ತನ್ನಿಂದ ಬೇರೆಯಾಗಿದ್ದ ಹೆಂಡತಿ ರೇಚೆಲ್ ಚೀಸ್ಲಿಯನ್ನು 1732ರಲ್ಲಿ ಅಪಹರಣ ಮಾಡಿಸಿದ. ದೊರೆಯ ವಿರುದ್ಧದ ಪಿತೂರಿಯ ಗುಟ್ಟನ್ನು ಆಕೆ ಹೊರಹಾಕುತ್ತಾಳೆಂಬ ಭಯ ಅವನಿಗಿತ್ತೆನ್ನುತ್ತಾರೆ. 1734ರಿಂದ ಹಲವು ವರ್ಷ ಆಕೆಯನ್ನು ಹಿರ್ಟಾದಲ್ಲಿಟ್ಟರು. ಸುತ್ತಲಿನವರ ಗೇಲಿಕ್ ಆಕೆಗೆ ಬಾರದು. ಕೊನೆಗೆ 1745ರಲ್ಲಿ ಸ್ಕೈ ದ್ವೀಪದಲ್ಲಿ ತೀರಿಕೊಂಡಳು.

19ನೆಯ ಶತಮಾನದಲ್ಲಿ ಬದಲಾವಣೆ ಮೂರು ದಿಕ್ಕಿನಿಂದ ಬಂತು: ಧರ್ಮ, ವಲಸೆ, ಪ್ರವಾಸಿಗರು. 1830ರಲ್ಲಿ ಬಂದ ಪಾದ್ರಿ ನೀಲ್ ಮೆಕೆಂಜಿ ಹಳೆಯ ಮನೆಗಳ ಬದಲು ಕೊಲ್ಲಿಯ ಸುತ್ತ ಬಾಗಿದ ಸಾಲಿನಲ್ಲಿ ಹೊಸ ಊರು ಕಟ್ಟಿಸಿದ. ಇದಕ್ಕೆ ಸರ್ ಥಾಮಸ್ ಆಕ್ಲೆಂಡ್ ಎಂಬ ಪ್ರವಾಸಿಯ ಹಣವೂ ನೆರವಾಯಿತು. ಆತನ ಹಡಗು ಲೇಡಿ ಆಫ್ ಸೇಂಟ್ ಕಿಲ್ಡಾ ಮುಂದೆ ಆಸ್ಟ್ರೇಲಿಯಕ್ಕೆ ಹೋಗಿ, ಮೆಲ್ಬರ್ನ್ ನಗರದ ಸೇಂಟ್ ಕಿಲ್ಡಾ ಬಡಾವಣೆಗೆ ಹೆಸರು ಕೊಟ್ಟಿತು. 1852ರಲ್ಲಿ ದ್ವೀಪದ 36 ಮಂದಿ ಅದೇ ಆಸ್ಟ್ರೇಲಿಯಕ್ಕೆ ವಲಸೆ ಹೊರಟರು. ದಡಾರ ಮುಂತಾದ ರೋಗಗಳಿಗೆ ಸಿಕ್ಕಿ ಹಲವರು ದಾರಿಯಲ್ಲೇ ಸತ್ತರು. ಊರಿನಲ್ಲಿ ಉಳಿದವರಿಗೆ ಮತ್ತೊಂದು ಸಂಕಟ, ಶಿಶುಗಳ ಧನುರ್ವಾಯು. ಹುಟ್ಟಿದ ಎಂಟನೆಯ ದಿನದ ಆಸುಪಾಸಿಗೆ ಕೂಸುಗಳು ಸಾಲುಸಾಲಾಗಿ ಸಾಯುತ್ತಿದ್ದವು. ಹೊಕ್ಕುಳಿಗೆ ಹಚ್ಚುತ್ತಿದ್ದ ಹಕ್ಕಿಯೆಣ್ಣೆಯ ಮೇಲೆ ಅನುಮಾನವಿತ್ತು. 1889ರಲ್ಲಿ ಬಂದ ಪಾದ್ರಿ ಆಂಗಸ್ ಫಿಡೆಸ್ ನಂಜುನಿವಾರಕ ಬಳಸುವ ಕ್ರಮವನ್ನು ಕಲಿತು ಬಂದು ಹಠ ಹಿಡಿದು ಜಾರಿಗೆ ತಂದ ಮೇಲೆ ಕೆಲವೇ ವರ್ಷಗಳಲ್ಲಿ ಆ ಸಾವು ನಿಂತಿತು. ಅವನಿಗಿಂತ ಮುಂಚೆ ಇದ್ದ ಜಾನ್ ಮೆಕೇ ಭಾನುವಾರದ ಕಟ್ಟುನಿಟ್ಟಿಗೇ ಹೆಚ್ಚು ನೆನಪಿನಲ್ಲಿದ್ದಾನೆ.

1877ರಿಂದ ಗ್ಲಾಸ್ಗೋ ಕಡೆಯ ಉಗಿಹಡಗುಗಳು ಬೇಸಿಗೆಯಲ್ಲಿ ತಪ್ಪದೆ ಬರತೊಡಗಿದವು. ದೂರದ ಜನರನ್ನು ನೋಡಲೆಂದೇ ಬಂದವರಿಗೆ ದ್ವೀಪದವರು ಟ್ವೀಡ್ ಬಟ್ಟೆ, ಕಾಲುಚೀಲ, ಹಕ್ಕಿಮೊಟ್ಟೆ ಮಾರಿದರು, ಫೋಟೋಗೆ ನಿಂತು ಕಾಸು ಕೇಳಿದರು. ಜನ ಕೆಟ್ಟುಹೋದರೆಂದು ಪ್ರವಾಸಿಗರೇ ಗೊಣಗಿದ್ದು ವಿನೋದ. ಹಡಗು ಬಂದು ಹೋದ ಮೇಲೆ ಊರಿಗೆಲ್ಲ ನೆಗಡಿ ಕೆಮ್ಮು ಹತ್ತುತ್ತಿತ್ತು. ಮಾರ್ಟಿನ್ ಕಾಲದಿಂದಲೂ ದಾಖಲಾದ ಈ ಕೆಮ್ಮನ್ನು ಕಟ್ಟುಕಥೆಯೆಂದು ಇಂಗ್ಲಿಷ್ ಸಾಹಿತಿ ಡಾ. ಜಾನ್ಸನ್ ತಳ್ಳಿಹಾಕಿದ್ದ, ಸೋಂಕಿನ ಬಗ್ಗೆ ತಿಳಿದ ಇಂದು ದ್ವೀಪದವರ ಮಾತೇ ಸರಿಯೆನಿಸುತ್ತದೆ.

ಚಳಿಗಾಲದಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಲು ದಾರಿಯಿರಲಿಲ್ಲ. 1877ರಲ್ಲಿ ದ್ವೀಪದಲ್ಲಿ ಸಿಲುಕಿದ್ದ ಪತ್ರಕರ್ತ ಜಾನ್ ಸ್ಯಾಂಡ್ಸ್ ಲೈಫ್‌ಬಾಯ್‌ಗೆ ಪತ್ರ ಕಟ್ಟಿ ಕಡಲಿಗೆ ಬಿಟ್ಟ, ಅದು ಆರ್ಕ್ನಿ ತಲುಪಿತು. ಆಮೇಲೆ ಇದೇ ಪದ್ಧತಿಯಾಯಿತು: ದೋಣಿಯಾಕಾರದ ಮರದ ತುಂಡನ್ನು ಕೊರೆದು ಕಾಗದವಿಟ್ಟು, ಕುರಿಯ ಮೂತ್ರಕೋಶವನ್ನು ಊದಿ ಕಟ್ಟಿ, ವಾಯವ್ಯದ ಗಾಳಿ ನೋಡಿ ಬಿಡುವುದು. ಕೆಲವು ಸ್ಕಾಟ್ಲೆಂಡಿಗೆ, ಕೆಲವು ನಾರ್ವೆಗೆ ಹೋಗಿ ಸೇರಿದವು.

ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯ ನಿಸ್ತಂತು ಠಾಣೆ ಬಂತು. ಜೊತೆಗೆ ಸಂಬಳ, ದಿನವೂ ಸುದ್ದಿ, ಮೇಲಿಂದ ಮೇಲೆ ಹಡಗು. 1918ರ ಮೇ 15ರಂದು ಜರ್ಮನ್ ಜಲಾಂತರ್ಗಾಮಿಯೊಂದು ಮೊದಲೇ ಎಚ್ಚರಿಸಿ ಸುಮಾರು 72 ಗುಂಡು ಹಾರಿಸಿತು. ಮನೆ, ಉಗ್ರಾಣ ಜಖಂಗೊಂಡವು, ಜನರಿಗೆ ಏನೂ ಆಗಲಿಲ್ಲ. ಆಮೇಲೆ ತಂದು ನಿಲ್ಲಿಸಿದ ಫಿರಂಗಿ ಶತ್ರುವಿನ ಮೇಲೆ ಒಮ್ಮೆಯೂ ಗುಂಡು ಹಾರಿಸದೆ ಈಗಲೂ ಅಲ್ಲೇ ಇದೆ. ಯುದ್ಧ ಮುಗಿದು ಪಡೆ ಹೋದಾಗ ನಿಜವಾದ ಪೆಟ್ಟು ಬಿತ್ತು. ಹಕ್ಕಿಗರಿಗೂ ಎಣ್ಣೆಗೂ ಕೇಳುವವರಿಲ್ಲ, ಪ್ರಾಯದವರು ಒಬ್ಬೊಬ್ಬರಾಗಿ ಹೊರಟರು. 1920ರಲ್ಲಿ 73 ಇದ್ದ ಜನ 1928ಕ್ಕೆ 37 ಆದರು. ಈ ನಡುವೆ, 1926ರಲ್ಲಿ, ಜ್ವರ ನಾಲ್ವರು ಗಂಡಸರನ್ನು ಒಯ್ದಿತು. ದೋಣಿಗೆ, ಹಗ್ಗಕ್ಕೆ ಬೇಕಾದಷ್ಟು ಕೈಗಳೇ ಉಳಿಯಲಿಲ್ಲ. 1930ರ ಆರಂಭದಲ್ಲಿ ಕಾಯಿಲೆ ಬಿದ್ದ ಮೇರಿ ಗಿಲೀಸ್ ಎಂಬ ಯುವತಿಯನ್ನು ಬಹು ತಡವಾಗಿ ಗ್ಲಾಸ್ಗೋಗೆ ಸಾಗಿಸಬೇಕಾಯಿತು. ಅಲ್ಲೇ ಆಕೆ ತೀರಿಕೊಂಡಳು. ಆ ವಸಂತದಲ್ಲಿ, ದಾದಿ ವಿಲ್ಲಮೀನಾ ಬಾರ್ಕ್ಲೆ ಮತ್ತು ಪಾದ್ರಿಯ ಒತ್ತಾಸೆಯಿಂದ, ದ್ವೀಪದವರು ತಮ್ಮನ್ನು ಸ್ಥಳಾಂತರಿಸುವಂತೆ ಸರ್ಕಾರಕ್ಕೆ ಅರ್ಜಿ ಬರೆದರು. ಇದನ್ನು ಒಕ್ಕಲೆಬ್ಬಿಸಿದ ಕಥೆಯೆಂದು ಹೇಳುವುದು ತಪ್ಪು. ತಮ್ಮಿಚ್ಛೆಯಂತೆ ಹೊರಟರು ಎಂದಷ್ಟೇ ಹೇಳಿ ಸುಮ್ಮನಾಗುವುದೂ ಸಲ್ಲದು, ಏಕೆಂದರೆ ಆಸ್ಪತ್ರೆಯ ನೆರವಾಗಲಿ ವರ್ಷವಿಡೀ ಹಡಗಾಗಲಿ ಅವರಿಗೆ ಯಾರೂ ಒದಗಿಸಿಕೊಟ್ಟಿರಲಿಲ್ಲ. ಕುರಿಗಳನ್ನು ಮುಂಚೆಯೇ ಸಾಗಿಸಿ, ನಾಯಿಗಳನ್ನು ಕಲ್ಲು ಕಟ್ಟಿ ಕೊಲ್ಲಿಯಲ್ಲಿ ಮುಳುಗಿಸಿ, ಮನೆಮನೆಯಲ್ಲೂ ಬೈಬಲನ್ನೂ ಒಂದಿಷ್ಟು ಓಟ್ಸ್ ಕಾಳನ್ನೂ ಇಟ್ಟು ಹೇರ್‌ಬೆಲ್ ಎಂಬ ನೌಕಾಪಡೆಯ ಹಡಗು ಹತ್ತಿದರು. ಮೊರ್ವನ್ ಸೀಮೆಯಲ್ಲಿ ಇಳಿದ ಹಲವು ಗಂಡಸರಿಗೆ ಸಿಕ್ಕ ಕೆಲಸ ಅರಣ್ಯ ಇಲಾಖೆಯದು. ಅವರ ದ್ವೀಪದಲ್ಲಿ ಒಂದು ಮರವೂ ಇರಲಿಲ್ಲ.

1931ರಲ್ಲಿ ದ್ವೀಪಗಳನ್ನು ಕೊಂಡ ಲಾರ್ಡ್ ಡಂಫ್ರೀಸ್, ಮುಂದೆ ಬ್ಯೂಟ್ ಮಾರ್ಕ್ವಿಸ್ ಆದವರು, ಅವನ್ನು ಪಕ್ಷಿಧಾಮವಾಗಿ ಉಳಿಸಿಕೊಂಡು ಮರಣಪತ್ರದ ಮೂಲಕ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡಿಗೆ ಬಿಟ್ಟರು. ಸಂಸ್ಥೆ 1957ರಲ್ಲಿ ವಹಿಸಿಕೊಂಡಿತು. ಅದೇ ವರ್ಷ ಸೇನೆ ಕ್ಷಿಪಣಿ ಪರೀಕ್ಷೆಯ ನಿಗಾಕ್ಕಾಗಿ ರೇಡಾರ್ ಠಾಣೆ ಹೂಡಿತು. ಯುನೆಸ್ಕೊ 1986ರಲ್ಲಿ ನೈಸರ್ಗಿಕ ಪರಂಪರೆಯಾಗಿ, 2005ರಲ್ಲಿ ಸಾಂಸ್ಕೃತಿಕ ಪರಂಪರೆಯಾಗಿಯೂ ಇದನ್ನು ಮಾನ್ಯ ಮಾಡಿತು. ಎರಡೂ ಮನ್ನಣೆ ಪಡೆದ ತಾಣಗಳು ಲೋಕದಲ್ಲಿ ಕೆಲವೇ. 1932ರಲ್ಲಿ ಸೋಯೆಯಿಂದ ಹಿರ್ಟಾಕ್ಕೆ ತಂದು ಬಿಟ್ಟ 107 ಕುರಿಗಳ ಸಂತತಿ ಕಾಡುಕುರಿಗಳಂತೆ ಬಾಳುತ್ತಿದ್ದು, ದಶಕಗಳಿಂದ ವಿಜ್ಞಾನಿಗಳ ಅಧ್ಯಯನಕ್ಕೆ ಒಳಗಾಗಿದೆ. ಇಲ್ಲಿಯದೇ ಆದ ಗುಬ್ಬಚ್ಚಿಗಿಂತ ಚಿಕ್ಕ ರೆನ್ ಹಕ್ಕಿಯೂ ಹೊಲದ ಇಲಿಯೂ ಉಳಿದಿವೆ. ಮನೆಯ ಇಲಿ ಮಾತ್ರ ಜನ ಹೋದ ಕೆಲವೇ ವರ್ಷಗಳಲ್ಲಿ ಅಳಿಯಿತು.

ಈಗ ಹ್ಯಾರಿಸ್‌ನ ಲೆವರ್‌ಬರ್ಗ್‌ನಿಂದಲೂ ಸ್ಕೈ ದ್ವೀಪದಿಂದಲೂ ಬೇಸಿಗೆಯಲ್ಲಿ ಪ್ರವಾಸಿ ದೋಣಿಗಳು ಹೊರಡುತ್ತವೆ. ಒಂದು ಕಡೆಗೆ ಮೂರು ಗಂಟೆಯ ಆಸುಪಾಸಿನ ಪಯಣ. ಗಾಳಿ ಎದ್ದರೆ ಪಯಣವೇ ರದ್ದು, ಆದ್ದರಿಂದ ಅನುಭವಿಗಳು ಒಂದೆರಡು ದಿನ ಕೈಯಲ್ಲಿಟ್ಟುಕೊಂಡೇ ಬರುತ್ತಾರೆ. ಇಳಿದವರಿಗೆ ದುರಸ್ತಿ ಕಂಡ ಕೆಲವು ಮನೆಗಳು, ಚರ್ಚ್ ಮತ್ತು ಶಾಲೆಯ ಕೋಣೆ, ಬೆಟ್ಟದ ತುಂಬ ಕ್ಲೇಟ್‌ಗಳು ಕಾಣಸಿಗುತ್ತವೆ; ಮರಳುವಾಗ ದೋಣಿಗಳು ಸಾಮಾನ್ಯವಾಗಿ ಬೋರರೆಯ ಗ್ಯಾನೆಟ್ ಬಂಡೆಗಳನ್ನು ಸುತ್ತಿ ಬರುತ್ತವೆ. ಹೆಗ್ಗಣವೊಂದು ದಡ ಸೇರಿದರೆ ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳಿಗೆ ಉಳಿಗಾಲವಿಲ್ಲವಾದ್ದರಿಂದ, ಹೊರಡುವ ಮೊದಲು ಚೀಲಗಳನ್ನು ಬಿಚ್ಚಿ ನೋಡಿಕೊಳ್ಳಬೇಕು.