ಕರಾರುಪತ್ರದಿಂದ ಅರ್ಜಿಪತ್ರದವರೆಗೆ: ಆಂಗ್ಲ ಸಾಲಿಸಿಟರರ ವೃತ್ತಿಪ್ರವೇಶ

ಇಂಗ್ಲೆಂಡಿನಲ್ಲಿ ವಕೀಲಿವೃತ್ತಿಯು ಎರಡು ಶಾಖೆಗಳಾಗಿ ಬೆಳೆದು ಬಂದಿರುವುದನ್ನೂ, ಅವುಗಳೊಳಗೆ ನ್ಯಾಯಾಸನದ ಮುಂದೆ ನಿಂತು ವಾದಿಸುವ ಬ್ಯಾರಿಸ್ಟರನ ಶಾಖೆಗೆ ಗಾಂಧೀಜಿಯವರು ಸೇರಿದ್ದುದನ್ನೂ ಬಲ್ಲ ನಮ್ಮ ಓದುಗರಲ್ಲಿ ಅನೇಕರು, ಅದರ ಸೋದರಶಾಖೆಯಾದ ಸಾಲಿಸಿಟರರ ವಿಷಯವನ್ನು ಅಷ್ಟಾಗಿ ಕೇಳಿರಲಾರರು. ಕಕ್ಷಿಗಾರನ ಅಹವಾಲನ್ನು ಮೊದಲು ಕೇಳುವವನು, ಕ್ರಯಪತ್ರ ಮರಣಶಾಸನಗಳನ್ನು ಬರೆಯುವವನು, ಕಂಪನಿಗಳ ಒಪ್ಪಂದಗಳನ್ನು ಸಿದ್ಧಪಡಿಸುವವನು, ಅವಶ್ಯವಿದ್ದಲ್ಲಿ ಬ್ಯಾರಿಸ್ಟರನನ್ನು ನೇಮಿಸಿಕೊಡುವವನು ಈ ಸಾಲಿಸಿಟರನೇ. ಇಂತಹವನಾಗಲು ಬಯಸುವ ತರುಣನು ದಾಟಬೇಕಾದ ಪರೀಕ್ಷೆಗಳ ಚರಿತ್ರೆಯನ್ನು ವಿದ್ವಾಂಸರು ಸಾಕಷ್ಟು ವಿಸ್ತಾರವಾಗಿಯೇ ಬರೆದಿದ್ದಾರೆ. ಆದರೆ ಪರೀಕ್ಷೆಯ ಜೊತೆಗೆ ಅವನಿಗೆ ಅನಿವಾರ್ಯವಾಗಿದ್ದ ಮತ್ತೊಂದು ವಸ್ತುವುಂಟು: ವೃತ್ತಿನಿರತನಾದ ಒಬ್ಬ ಹಿರಿಯನ ಕಚೇರಿಯಲ್ಲಿ ಕುಳಿತು ಕಲಿಯಲು ಒಂದು ಸ್ಥಾನ. ಆ ಸ್ಥಾನವನ್ನು ಯಾರು ಬೇಡಬಹುದಾಗಿತ್ತು, ಹೇಗೆ ಬೇಡುತ್ತಿದ್ದರು, ಯಾರಿಗೆ ಅದು ದೊರೆಯುತ್ತಿತ್ತು ಎಂಬ ಪ್ರಶ್ನೆಗಳೇ ಈ ವೃತ್ತಿಯ ನಿಜವಾದ ಬಾಗಿಲನ್ನು ತೋರಿಸುತ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

1729ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಂಗೀಕರಿಸಿದ ಶಾಸನವೊಂದು, ಅಟಾರ್ನಿಯಾಗಲಿ ಸಾಲಿಸಿಟರನಾಗಲಿ ಆಗಬಯಸುವವನು ಲಿಖಿತವಾದ ಕರಾರಿನ ಮೂಲಕ ಐದು ವರ್ಷಗಳ ಕಾಲ ಒಬ್ಬ ವೃತ್ತಿನಿರತನ ಗುಮಾಸ್ತನಾಗಿ ದುಡಿದಿರಬೇಕೆಂದೂ, ಅನಂತರ ನ್ಯಾಯಾಧೀಶನು ಅವನ ಯೋಗ್ಯತೆಯನ್ನು ವಿಚಾರಿಸಿ ಪ್ರಮಾಣವಚನವನ್ನು ಕೊಡಿಸಬೇಕೆಂದೂ ವಿಧಿಸಿತು. ಈ ಕರಾರಿಗೆ ಆರ್ಟಿಕಲ್ಸ್ ಎಂದೂ, ಅದಕ್ಕೆ ಬದ್ಧನಾದ ತರುಣನಿಗೆ ಆರ್ಟಿಕಲ್ಡ್ ಕ್ಲರ್ಕ್ ಎಂದೂ ಹೆಸರಾಯಿತು. ನ್ಯಾಯಾಧೀಶನ ವಿಚಾರಣೆಯು ಬಹುಮಟ್ಟಿಗೆ ಔಪಚಾರಿಕವಾಗಿಯೇ ಉಳಿದುದರಿಂದ, ಶತಮಾನಕ್ಕೂ ಮಿಕ್ಕಿದ ಕಾಲದವರೆಗೆ ಈ ಕರಾರೇ ವೃತ್ತಿಯ ಹೆಬ್ಬಾಗಿಲಾಗಿದ್ದಿತು. ಕರಾರಿಗೆ ಸಹಿ ಹಾಕುವ ಮುನ್ನ ತರುಣನ ತಂದೆಯು ಗುರುವಿಗೆ ಪ್ರೀಮಿಯಂ ಎಂಬ ದೊಡ್ಡ ಮೊತ್ತವನ್ನು ಸಲ್ಲಿಸಬೇಕಾಗುತ್ತಿದ್ದಿತು. ಐದು ವರ್ಷಗಳವರೆಗೆ ಮಗನಿಗೆ ಸಂಬಳವಿಲ್ಲದುದರಿಂದ ಅವನ ಅನ್ನವಸ್ತ್ರಗಳ ಭಾರವನ್ನೂ ತಾನೇ ಹೊರಬೇಕಾಗುತ್ತಿದ್ದಿತು. ಇದು ಸಾಲದೆಂಬಂತೆ 1794ರಲ್ಲಿ ಸರಕಾರವು ಈ ಕರಾರುಪತ್ರದ ಮೇಲೆ ನೂರು ಪೌಂಡುಗಳ ಮುದ್ರಾಂಕ ಶುಲ್ಕವನ್ನು ಹೇರಿತು. ಬೊಕ್ಕಸವನ್ನು ತುಂಬುವ ಉದ್ದೇಶ ಅದಕ್ಕಿದ್ದರೂ, ಕೆಳವರ್ಗದ ಹುಡುಗರು ವೃತ್ತಿಯೊಳಗೆ ಕಾಲಿಡದಂತೆ ಅದು ತಡೆದೀತೆಂದು ಸಂತೋಷಪಟ್ಟ ವಕೀಲರು ಅಂದಿಗೆ ವಿರಳರಾಗಿರಲಿಲ್ಲ.

ಮುಂದೆ ಬ್ರಿಟನ್ನಿನ ಪ್ರಧಾನಮಂತ್ರಿಯಾದ ಬೆಂಜಮಿನ್ ಡಿಸ್ರೇಲಿಯನ್ನು ಅವನ ತಂದೆಯು 1821ರಲ್ಲಿ, ಇನ್ನೂ ಹದಿನೇಳು ತುಂಬದ ವಯಸ್ಸಿನಲ್ಲಿ, ಲಂಡನ್ನಿನ ಓಲ್ಡ್ ಜ್ಯೂರಿ ಪ್ರದೇಶದ ಸಾಲಿಸಿಟರರ ಕಚೇರಿಯೊಂದಕ್ಕೆ ನಾನೂರು ಗಿನಿಗಳನ್ನು ತೆತ್ತು ಸೇರಿಸಿದನು. ಹುಡುಗನ ಮನಸ್ಸು ಅಲ್ಲಿ ನಿಲ್ಲಲಿಲ್ಲವೆಂಬುದು ಬೇರೆಯ ಮಾತು. ಅದಾದ ಆರು ವರ್ಷಗಳಿಗೆ, ಸಾಲಗಾರ ತಂದೆಯ ಮಗನಾದ ಚಾರ್ಲ್ಸ್ ಡಿಕನ್ಸ್ ಗ್ರೇಸ್ ಇನ್ನಿನಲ್ಲಿದ್ದ ಮತ್ತೊಂದು ಕಚೇರಿಗೆ ವಾರಕ್ಕೆ ಹತ್ತು ಚಿಲ್ಲರೆ ಶಿಲಿಂಗುಗಳ ಕೂಲಿಗೆ ಸೇರಿದನು. ಇಬ್ಬರೂ ಮಾಡುತ್ತಿದ್ದ ಕೆಲಸಗಳಲ್ಲಿ ಬಹುಶಃ ಹೆಚ್ಚಿನ ಭೇದವಿರಲಿಲ್ಲ. ಎರಡೂ ಕಡೆ ಕಾಗದಪತ್ರಗಳ ನಕಲು, ನ್ಯಾಯಾಲಯದ ಕಚೇರಿಗಳಿಗೆ ಓಡಾಟ, ಲೆಕ್ಕಪುಸ್ತಕಗಳ ಪಾಲನೆ. ಆದರೆ ಒಬ್ಬನು ಕರಾರಿಗೆ ಸೇರಿದ ಭಾವೀ ಸಾಲಿಸಿಟರ್, ಮತ್ತೊಬ್ಬನು ಎಷ್ಟು ಕಾಲ ದುಡಿದರೂ ಗುಮಾಸ್ತನೇ. ಕಚೇರಿಯೊಳಗಿನ ಈ ಶ್ರೇಣಿಗಳನ್ನು ಕಂಡುಂಡ ಡಿಕನ್ಸನು ತನ್ನ ಪಿಕ್‌ವಿಕ್ ಕಾದಂಬರಿಯಲ್ಲಿ ವಿಧವಿಧದ ಗುಮಾಸ್ತರನ್ನು ವಿಂಗಡಿಸಿ ವರ್ಣಿಸುವಾಗ, ಪ್ರೀಮಿಯಂ ತೆತ್ತವನನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿರುವುದು ಅರ್ಥಗರ್ಭಿತವಾಗಿದೆ. ಆ ಕಾಲದಲ್ಲಿ ಅಪರಿಚಿತನೊಬ್ಬನು ಅರ್ಜಿ ಬರೆದು ಸ್ಥಾನವನ್ನು ಕೇಳುವ ಪದ್ಧತಿಯೇ ಇರಲಿಲ್ಲವೆನ್ನಬಹುದು. ಸೋದರಮಾವನ ಪರಿಚಯ, ಊರಿನ ಪಾದ್ರಿಯ ಶಿಫಾರಸು ಪತ್ರ, ತಂದೆಯ ವ್ಯಾಪಾರದ ನಂಟು, ಇವುಗಳೇ ತರುಣನನ್ನು ಗುರುವಿನ ಬಳಿಗೆ ಒಯ್ಯುತ್ತಿದ್ದುವು. ಒಳಗೆ ಹೋದ ಮೇಲೆ ಗುರುವು ಕಲಿಸಿದರೆ ಕಲಿತನು. ಕಲಿಸದೆ ಐದು ವರ್ಷ ಬರಿಯ ನಕಲು ತೆಗೆಸಿದರೆ ಕೇಳುವವರಿರಲಿಲ್ಲ.

1825ರಲ್ಲಿ ಹುಟ್ಟಿ 1831ರಲ್ಲಿ ರಾಜಸನ್ನದನ್ನು ಪಡೆದ, ಸಾಲಿಸಿಟರರ ಸಂಘವಾದ ಲಾ ಸೊಸೈಟಿಯು ಲಂಡನ್ನಿನ ಚಾನ್ಸರಿ ಲೇನಿನಲ್ಲಿ ತನ್ನ ಭವನವನ್ನು ಕಟ್ಟಿಕೊಂಡು ಉಪನ್ಯಾಸಗಳನ್ನು ಏರ್ಪಡಿಸಿತು. 1836ರಲ್ಲಿ ಪರೀಕ್ಷೆಯು ಕಡ್ಡಾಯವಾಯಿತು. 1860ರ ಶಾಸನವು ಅದಕ್ಕೆ ಪ್ರಾರಂಭಿಕ ಮತ್ತು ಮಧ್ಯಮ ಪರೀಕ್ಷೆಗಳನ್ನು ಕೂಡಿಸಿತು. 1877ರಲ್ಲಿ ಪರೀಕ್ಷಾಧಿಕಾರವೆಲ್ಲವೂ ಸೊಸೈಟಿಯ ಕೈಸೇರಿತು. 1821ರಿಂದಲೇ ವಿಶ್ವವಿದ್ಯಾನಿಲಯದ ಪದವೀಧರರಿಗೆ ಐದರ ಬದಲು ಮೂರು ವರ್ಷಗಳ ಸೇವೆ ಸಾಕಾಗಿದ್ದಿತು. 1860ರಲ್ಲಿ ಇನ್ನೊಂದು ಕಿರುಬಾಗಿಲೂ ತೆರೆಯಿತು: ಹತ್ತು ವರ್ಷ ಪ್ರಾಮಾಣಿಕವಾಗಿ ದುಡಿದ ಸಾಮಾನ್ಯ ಗುಮಾಸ್ತನಿಗೆ ಕರಾರಿನ ಅವಧಿಯು ಮೂರು ವರ್ಷಗಳಿಗೆ ಇಳಿಯಿತು. ಡಿಕನ್ಸನ ಗುಮಾಸ್ತರಿಗೆ ದೊರೆತ ಈ ರಿಯಾಯಿತಿಯನ್ನು ಚರಿತ್ರಕಾರರು ಅಡಿಟಿಪ್ಪಣಿಯಲ್ಲಿ ಹೇಳಿ ಮುಗಿಸುವುದುಂಟು. ನನಗಾದರೋ ಇಡೀ ಶತಮಾನದ ಸುಧಾರಣೆಗಳಲ್ಲಿ ಇದೇ ಅತ್ಯಂತ ಮಾನವೀಯವಾದುದೆಂದು ತೋರುತ್ತದೆ.

ಹಣವುಳ್ಳವರಿಗೂ ತೆರೆಯದ ಬಾಗಿಲೊಂದಿದ್ದಿತೆಂಬುದನ್ನು ಇಲ್ಲಿ ಮರೆಯಲಾಗದು. ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರವನ್ನು ಪ್ರಥಮ ದರ್ಜೆಯ ಯೋಗ್ಯತೆಯೊಡನೆ ಮುಗಿಸಿದ್ದ ಗ್ವಿನೆತ್ ಬೆಬ್ ಎಂಬ ತರುಣಿಯು ಲಾ ಸೊಸೈಟಿಯ ಪ್ರಾರಂಭಿಕ ಪರೀಕ್ಷೆಗೆ ಅರ್ಜಿಯನ್ನು ಕಳುಹಿಸಿದಾಗ, ಹೆಂಗಸೆಂಬ ಕಾರಣದಿಂದ ಅದನ್ನು ಹಿಂದಿರುಗಿಸಲಾಯಿತು. ಆಕೆ ಹೂಡಿದ ದಾವೆಯಲ್ಲಿ 1913ರ ನ್ಯಾಯಾಲಯವು, ಪುರಾತನ ರೂಢಿಯ ಆಧಾರದ ಮೇಲೆ, 1843ರ ಸಾಲಿಸಿಟರ್ಸ್ ಶಾಸನದಲ್ಲಿ ಬರುವ ವ್ಯಕ್ತಿಗಳ ಗಣನೆಯೊಳಗೆ ಸ್ತ್ರೀಯರು ಸೇರುವುದಿಲ್ಲವೆಂದು ತೀರ್ಪಿತ್ತಿತು. 1919ರ ಶಾಸನವು ಈ ಅನ್ಯಾಯವನ್ನು ತೊಡೆದುಹಾಕಿದ ಮೇಲೆ, 1922ರ ಡಿಸೆಂಬರಿನಲ್ಲಿ ಕ್ಯಾರಿ ಮಾರಿಸನ್ ಇಂಗ್ಲೆಂಡಿನ ಪ್ರಥಮ ಸ್ತ್ರೀ ಸಾಲಿಸಿಟರಳಾದಳು. ಆದರೂ ಕರಾರಿಗೆ ಸೇರಿಸಿಕೊಳ್ಳುವ ಗುರುವನ್ನು ಹುಡುಕುವ ಕಷ್ಟವು ಮುಂದಿನ ತಲೆಮಾರುಗಳ ಸ್ತ್ರೀಯರಿಗೆ ಬಹುಕಾಲ ತಪ್ಪಲಿಲ್ಲ. ಶಾಸನವು ಪರೀಕ್ಷಾಮಂದಿರದ ಬಾಗಿಲನ್ನು ತೆರೆಯಬಲ್ಲುದಾಗಿತ್ತೇ ಹೊರತು ಖಾಸಗಿ ಕಚೇರಿಯ ಬಾಗಿಲನ್ನಲ್ಲ.

ಎರಡನೆಯ ಮಹಾಯುದ್ಧದ ಅನಂತರ ಪ್ರೀಮಿಯಂ ಕ್ರಮೇಣ ಮರೆಯಾಯಿತು, ಗುಮಾಸ್ತನಿಗೆ ಅಲ್ಪಸ್ವಲ್ಪ ಸಂಬಳ ಬರತೊಡಗಿತು. ಸಾಲಿಸಿಟರರ ಸಂಸ್ಥೆಯೊಂದರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಪಾಲುದಾರರಿರಬಾರದೆಂಬ ಹಳೆಯ ಕಟ್ಟನ್ನು 1967ರ ಕಂಪನಿ ಶಾಸನವು ಸಡಿಲಿಸಿದಾಗ ಸಂಸ್ಥೆಗಳು ಹಿಗ್ಗಿದುವು. 1986ರಲ್ಲಿ ಲಂಡನ್ನಿನ ಶೇರುಪೇಟೆಯ ನಿರ್ಬಂಧಗಳು ಕಳಚಿಬಿದ್ದು ವಿದೇಶೀ ಬಂಡವಾಳವು ನುಗ್ಗಿ ಬಂದಾಗ, ಈ ಸಂಸ್ಥೆಗಳಿಗೆ ದುಡಿಯುವ ಕೈಗಳು ಸಾಲದಾದುವು. ಮರುವರ್ಷವೇ ಎರಡು ಹಳೆಯ ಸಂಸ್ಥೆಗಳು ಕೂಡಿ ಕ್ಲಿಫರ್ಡ್ ಚಾನ್ಸ್ ಹುಟ್ಟಿತು. ಇಂತಹ ಸಂಸ್ಥೆಗೆ ವರ್ಷವರ್ಷವೂ ತರುಣರು ಬೇಕಾಗಿರುವಾಗ ಸೋದರಮಾವನ ಪರಿಚಯದಿಂದ ಕೆಲಸ ಸಾಗದು. ಆದುದರಿಂದ ವಿಶ್ವವಿದ್ಯಾನಿಲಯಗಳಿಗೆ ಹೋಗಿ ಕರೆಯುವುದೂ, ಮುದ್ರಿತ ಅರ್ಜಿಗಳನ್ನು ಹಂಚುವುದೂ, ಆಯ್ಕೆಗೆಂದೇ ಪ್ರತ್ಯೇಕ ಸಿಬ್ಬಂದಿಯನ್ನು ಇಟ್ಟುಕೊಳ್ಳುವುದೂ ಮೊದಲಾಯಿತು. ಅರ್ಜಿಯ ಯುಗಕ್ಕೆ ನಾಂದಿಯಾದುದು ಸುಧಾರಕರ ಔದಾರ್ಯಕ್ಕಿಂತ ಹೆಚ್ಚಾಗಿ ವಾಣಿಜ್ಯದ ಅಗತ್ಯವೆಂಬುದನ್ನು ಒಪ್ಪಿಕೊಳ್ಳಬೇಕು. 1990ರ ನಿಯಮಾವಳಿಯಲ್ಲಿ ಆರ್ಟಿಕಲ್ಸ್ ಹೋಗಿ ಟ್ರೈನಿಂಗ್ ಕಾಂಟ್ರ್ಯಾಕ್ಟ್ ಬಂದಿತು, ಆರ್ಟಿಕಲ್ಡ್ ಕ್ಲರ್ಕ್ ಹೋಗಿ ಟ್ರೈನೀ ಸಾಲಿಸಿಟರ್ ಬಂದನು. 1993ರಲ್ಲಿ ಲೀಗಲ್ ಪ್ರಾಕ್ಟೀಸ್ ಕೋರ್ಸ್ ಎಂಬ ವ್ಯಾಸಂಗಕ್ರಮವು ನೆಲೆಗೊಂಡಿತು. ಎರಡು ವರ್ಷಗಳ ತರಬೇತಿಯನ್ನು ಸಾಮಾನ್ಯವಾಗಿ ಆರಾರು ತಿಂಗಳ ನಾಲ್ಕು ಸೀಟುಗಳಾಗಿ ವಿಭಾಗಿಸಿ, ತರುಣನನ್ನು ಕಂಪನಿ, ಆಸ್ತಿ, ವ್ಯಾಜ್ಯ ಮುಂತಾದ ವಿಭಾಗಗಳಲ್ಲಿ ಕೂರಿಸಿ ಕಲಿಸುವುದು ರೂಢಿಯಾಯಿತು. ನಕಲು ತೆಗೆಸಿ ಕೈತೊಳೆದುಕೊಳ್ಳುವ ಗುರುವಿಗೆ ಹೋಲಿಸಿದರೆ ಇದು ಮಹತ್ತರವಾದ ಮುನ್ನಡೆ.

ಈ ವ್ಯವಸ್ಥೆಯ ಹೊಸ್ತಿಲಲ್ಲಿ ಬೆಳೆದು ನಿಂತದ್ದು ವೆಕೇಶನ್ ಸ್ಕೀಮ್ ಎಂಬ ರಜಾಕಾಲದ ಇಂಟರ್ನ್‌ಶಿಪ್. ವಿದ್ಯಾರ್ಥಿಗೆ ಕಚೇರಿಯ ಬಾಳುವೆಯನ್ನು ಒಂದೆರಡು ವಾರ ತೋರಿಸುವ ಸೌಜನ್ಯವಾಗಿ ಪ್ರಾರಂಭವಾದ ಅದು, ಕಾಲಕ್ರಮದಲ್ಲಿ ದೀರ್ಘವಾದ ಸಂದರ್ಶನವಾಗಿ ಮಾರ್ಪಟ್ಟು, ಇಂದು ಅನೇಕ ದೊಡ್ಡ ಸಂಸ್ಥೆಗಳು ತಮ್ಮ ಟ್ರೈನೀಗಳಲ್ಲಿ ಬಹುಪಾಲನ್ನು ಅದರ ಮೂಲಕವೇ ಆರಿಸಿಕೊಳ್ಳುತ್ತಿವೆ. ಸಂಸ್ಥೆಗಳು ಎರಡು ವರ್ಷ ಮುಂಚಿತವಾಗಿಯೇ ಆಯ್ಕೆ ಮಾಡುವುದರಿಂದ, ಕಾನೂನು ಓದುತ್ತಿರುವವನು ಪದವಿಯ ಎರಡನೆಯ ವರ್ಷದಲ್ಲಿಯೇ ಅರ್ಜಿಯನ್ನು ಸಿದ್ಧಪಡಿಸಬೇಕು. ಆ ಅರ್ಜಿಯಾದರೂ ಹೆಸರು, ವಿಳಾಸ, ಅಂಕಗಳನ್ನು ತುಂಬಿ ಮುಗಿಸುವಂತಹುದಲ್ಲ. ಈ ವೃತ್ತಿಯೇ ಏಕೆ, ನಮ್ಮ ಸಂಸ್ಥೆಯೇ ಏಕೆ, ವಾಣಿಜ್ಯಪ್ರಪಂಚದ ಇತ್ತೀಚಿನ ಯಾವ ವಿದ್ಯಮಾನವು ನಮ್ಮ ಕಕ್ಷಿಗಾರರನ್ನು ಬಾಧಿಸೀತು ಎಂಬ ಪ್ರಶ್ನೆಗಳಿಗೆ ಗೊತ್ತುಪಡಿಸಿದ ಮಿತಿಯೊಳಗೆ ಉತ್ತರಿಸಬೇಕು. ಅದು ಒಪ್ಪಿಗೆಯಾದರೆ, ವಾಟ್ಸನ್ ಗ್ಲೇಸರ್ ಎಂಬ ವಿಮರ್ಶನಶಕ್ತಿಯ ಪರೀಕ್ಷೆಯಲ್ಲಿ, ಕೊಟ್ಟ ವಾಕ್ಯಗಳಿಂದ ಯಾವ ನಿರ್ಣಯ ಹೊರಡುತ್ತದೆ, ಯಾವುದು ಹೊರಡುವುದಿಲ್ಲವೆಂಬುದನ್ನು ಗಡಿಯಾರದ ಮುಂದೆ ವಿವೇಚಿಸಬೇಕು. ಬಳಿಕ ಎದುರಿಗೆ ಮನುಷ್ಯಮುಖವಿಲ್ಲದ ವಿಡಿಯೊ ಸಂದರ್ಶನ. ಕೊನೆಗೆ ಅಸೆಸ್‌ಮೆಂಟ್ ಸೆಂಟರ್ ಎಂಬ ಇಡೀ ದಿನದ ಪರಿಶೋಧನೆ. ಕಲ್ಪಿತ ಕಂಪನಿಯೊಂದರ ಕ್ರಯದ ಕಾಗದಗಳನ್ನು ಓದಿ ಪಾಲುದಾರನಿಗೆ ವಿವರಿಸುವುದು, ಪತ್ರವೊಂದರ ಕರಡನ್ನು ತಿದ್ದುವುದು, ಅಪರಿಚಿತರೊಡನೆ ಒಂದೇ ಮೇಜಿನ ಸುತ್ತ ಕುಳಿತು ಚೌಕಾಸಿ ನಡೆಸುವುದು, ಇವೆಲ್ಲವೂ ಆ ದಿನದಲ್ಲಿ ಸೇರುತ್ತವೆ.

ಇವುಗಳೊಳಗೆ ಅತ್ಯಂತ ಕಠಿನವಾದುದು ಯಾವುದೆಂದು ಕೇಳಿದರೆ, ನಮ್ಮ ಸಂಸ್ಥೆಯೇ ಏಕೆ ಎಂಬ ಆ ಸರಳ ಪ್ರಶ್ನೆಯೇ ಎಂದು ನಾನು ಹೇಳುವೆನು. ಒಬ್ಬ ತರುಣಿಯು ಇಪ್ಪತ್ತು ಸಂಸ್ಥೆಗಳಿಗೆ ಇಪ್ಪತ್ತು ಉತ್ತರಗಳನ್ನು ಬರೆಯಬೇಕಾಗಿರುವಾಗ, ಸಂಸ್ಥೆಗಳೋ ತಮ್ಮನ್ನು ಒಂದೇ ಬಗೆಯ ಹೊಗಳಿಕೆಯ ಮಾತುಗಳಿಂದ ವರ್ಣಿಸಿಕೊಂಡಿರುವಾಗ, ಪ್ರಾಮಾಣಿಕವಾದ ಉತ್ತರವನ್ನು ಕಂಡುಕೊಳ್ಳುವುದು ಸುಲಭವಲ್ಲ. ಸಂಸ್ಥೆಯ ಹೆಸರನ್ನು ಅಳಿಸಿ ಮತ್ತೊಂದನ್ನು ಬರೆದರೂ ಸಲ್ಲುವ ಉತ್ತರವು ಉತ್ತರವೇ ಅಲ್ಲವೆಂದು ಅನುಭವಿಗಳು ಕಿರಿಯರಿಗೆ ಹೇಳುತ್ತ ಬಂದಿದ್ದಾರೆ. ಆ ಸಂಸ್ಥೆಯು ನಡೆಸಿದ ಯಾವುದಾದರೊಂದು ವ್ಯವಹಾರವನ್ನೋ ಮೊಕದ್ದಮೆಯನ್ನೋ ನಿಜವಾಗಿ ಓದಿ ಅರಿತು, ತಾನು ಆ ಬಗೆಯ ಕೆಲಸವನ್ನು ಏಕೆ ಬಯಸುವೆನೆಂಬುದನ್ನು ತನ್ನದೇ ಮಾತಿನಲ್ಲಿ ಬರೆದವನ ಅರ್ಜಿಯು ಎದ್ದು ಕಾಣುತ್ತದೆ. ಅಂಗಡಿಯಲ್ಲಿ ವಾರಾಂತ್ಯ ದುಡಿದುದನ್ನೂ, ಮನೆಯಲ್ಲಿ ರೋಗಿಷ್ಠ ತಾಯಿಯನ್ನು ನೋಡಿಕೊಂಡುದನ್ನೂ ಸಂಕೋಚವಿಲ್ಲದೆ ಹೇಳಿ, ಅದರಿಂದ ಕಲಿತ ಹೊಣೆಗಾರಿಕೆಯನ್ನು ತೋರಿಸಿದವನ ಅರ್ಜಿಗೂ ತೂಕವುಂಟು. ಯಂತ್ರವೇ ನಯವಾದ ವಾಕ್ಯಗಳನ್ನು ಹೆಣೆದುಕೊಡುವ ಈಗಿನ ದಿನಗಳಲ್ಲಂತೂ ಇಂತಹ ಸ್ವಾನುಭವದ ವಿವರಕ್ಕೆ ಹಿಂದೆಂದಿಗಿಂತಲೂ ಹೆಚ್ಚು ಬೆಲೆ ಸಲ್ಲಬೇಕಾದುದು ನ್ಯಾಯ.

ಅರ್ಜಿಯು ಬಂದ ಮಾತ್ರಕ್ಕೆ ಸಮಾನತೆ ಬಂದಿತೆ? ವೃತ್ತಿಗಳಿಗೆ ನ್ಯಾಯಯುತ ಪ್ರವೇಶವನ್ನು ಕುರಿತು ಆಲನ್ ಮಿಲ್‌ಬರ್ನ್ ನೇತೃತ್ವದ ಸಮಿತಿಯು 2009ರಲ್ಲಿ ಕೊಟ್ಟ ವರದಿಯು, ಕಾನೂನಿನಂತಹ ವೃತ್ತಿಗಳು ಸ್ಥಿತಿವಂತರ ಮಕ್ಕಳಿಗೇ ಹೆಚ್ಚುಹೆಚ್ಚಾಗಿ ಮೀಸಲಾಗುತ್ತಿರುವುದನ್ನು ತೋರಿಸಿತು. ಪರಿಚಯದ ಬಲದಿಂದ ದೊರೆಯುವ ಸಂಬಳವಿಲ್ಲದ ಇಂಟರ್ನ್‌ಶಿಪ್ಪುಗಳನ್ನು ಅದು ವಿಶೇಷವಾಗಿ ಟೀಕಿಸಿತು. 2011ರಲ್ಲಿ ಹಲವು ಸಂಸ್ಥೆಗಳು ಕೂಡಿ, ಬಡಮನೆಗಳ ಶಾಲಾವಿದ್ಯಾರ್ಥಿಗಳಿಗೆ ಕಚೇರಿಯ ಅನುಭವವನ್ನು ಕೊಡುವ ಪ್ರೈಮ್ ಎಂಬ ಯೋಜನೆಯನ್ನು ಕೈಗೊಂಡುವು. ಅಭ್ಯರ್ಥಿಯು ಯಾವ ವಿಶ್ವವಿದ್ಯಾನಿಲಯದಿಂದ ಬಂದನೆಂಬುದನ್ನು ಅಂತಿಮ ಸಂದರ್ಶಕರಿಗೆ ತಿಳಿಸದಿರುವ ಪದ್ಧತಿಯನ್ನು ಕ್ಲಿಫರ್ಡ್ ಚಾನ್ಸ್ ಅಳವಡಿಸಿಕೊಂಡ ಸುದ್ದಿಯು 2014ರಲ್ಲಿ ಹೊರಬಿದ್ದಿತು. ಅಂಕಗಳನ್ನು ಅವನು ಓದಿದ ಶಾಲೆಯ ಸರಾಸರಿಯೊಡನೆ ತೂಗಿ ನೋಡುವ ಕ್ರಮವೂ ಅದರ ಬೆನ್ನಿಗೇ ಹರಡಿತು. ಆದರೆ ಅದೇ 2014ರ ಆಗಸ್ಟಿನಲ್ಲಿ, ಟ್ರೈನೀಗಳಿಗೆಂದೇ ಗೊತ್ತಾಗಿದ್ದ ಕನಿಷ್ಠ ಸಂಬಳವನ್ನು ಸಾಲಿಸಿಟರರ ನಿಯಂತ್ರಣ ಮಂಡಲಿಯು ತೆಗೆದುಹಾಕಿತು. ಸಣ್ಣ ಊರುಗಳಲ್ಲಿ ಬಡವರ ಮನೆ, ಕುಟುಂಬ, ವಲಸೆಗಳ ವ್ಯಾಜ್ಯಗಳನ್ನು ನೋಡಿಕೊಳ್ಳುವ ಕಚೇರಿಗಳ ತರುಣರಿಗೆ ಈ ನಿರ್ಧಾರದಿಂದ ಅಪಾಯವಾಯಿತೆಂದೇ ನಾನು ಭಾವಿಸುತ್ತೇನೆ. ಮತ್ತೊಂದೆಡೆ, ಹತ್ತು ಸಾವಿರ ಪೌಂಡುಗಳನ್ನು ಮೀರಿದ ಶುಲ್ಕವನ್ನು ಸಾಲ ಮಾಡಿ ತೆತ್ತು ಪ್ರಾಕ್ಟೀಸ್ ಕೋರ್ಸನ್ನು ಮುಗಿಸಿದರೂ ಟ್ರೈನಿಂಗ್ ಕಾಂಟ್ರ್ಯಾಕ್ಟ್ ದೊರೆಯದೆ, ಪ್ಯಾರಾಲೀಗಲ್ ಎಂಬ ಸಹಾಯಕ ಹುದ್ದೆಯಲ್ಲಿಯೇ ವರ್ಷಗಟ್ಟಲೆ ಕಾದು ಕುಳಿತವರು ಅಸಂಖ್ಯರು. ಕೆಲಸವೆಲ್ಲ ಬಂದರೂ ಕರಾರಿಲ್ಲದವರಾಗಿದ್ದ ಡಿಕನ್ಸನ ಕಾಲದ ಗುಮಾಸ್ತರ ಸಂತತಿ ಇವರು.

ಈ ಗಂಟನ್ನು ಬಿಡಿಸಲೆಂದೇ 2021ರ ಸೆಪ್ಟೆಂಬರಿನಲ್ಲಿ ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಗ್ಸಾಮಿನೇಶನ್ ಎಂಬ ಏಕರೂಪದ ಪರೀಕ್ಷೆಯು ಜಾರಿಗೆ ಬಂದಿತು. ಅದರ ಮೊದಲ ಭಾಗದಲ್ಲಿ 360 ಬಹು ಆಯ್ಕೆಯ ಪ್ರಶ್ನೆಗಳೂ, ಎರಡನೆಯ ಭಾಗದಲ್ಲಿ ಕಕ್ಷಿಗಾರನ ಸಂದರ್ಶನ, ವಾದಮಂಡನೆ, ಕರಡುಲೇಖನ ಮೊದಲಾದ 16 ಪ್ರಾಯೋಗಿಕ ಪರಿಶೋಧನೆಗಳೂ ಇವೆ. ಅದಕ್ಕಿಂತ ಮುಖ್ಯವಾದ ಬದಲಾವಣೆಯೆಂದರೆ, ಎರಡು ವರ್ಷಗಳ ಅನುಭವವನ್ನು ಒಂದೇ ಸಂಸ್ಥೆಯ ಕರಾರಿನಿಂದ ಬಿಡಿಸಿ, ನಾಲ್ಕು ಸಂಸ್ಥೆಗಳವರೆಗೆ ಹಂಚಿ ಗಳಿಸಲು ಅವಕಾಶವಿತ್ತುದು. ಪ್ಯಾರಾಲೀಗಲ್ಲನ ದುಡಿಮೆಯೂ, ಉಚಿತ ಕಾನೂನು ಸಲಹಾಕೇಂದ್ರದ ಸೇವೆಯೂ ಈಗ ಲೆಕ್ಕಕ್ಕೆ ಬರುತ್ತವೆ. 2016ರಿಂದಲೇ, ವಿಶ್ವವಿದ್ಯಾನಿಲಯಕ್ಕೆ ಹೋಗದೆ ಸಂಬಳ ಪಡೆಯುತ್ತ ಸುಮಾರು ಆರು ವರ್ಷಗಳಲ್ಲಿ ಸಾಲಿಸಿಟರನಾಗುವ ಅಪ್ರೆಂಟಿಸ್ ಮಾರ್ಗವೂ ತೆರೆದಿದೆ. ಪರೀಕ್ಷೆಯ ಶುಲ್ಕವನ್ನೂ ಅದರ ಕಾಠಿನ್ಯವನ್ನೂ ಕುರಿತು ಆಕ್ಷೇಪಗಳಿದ್ದರೂ, ದುಡಿದವನ ದುಡಿಮೆಯನ್ನು ದುಡಿಮೆಯೆಂದು ಒಪ್ಪುವ ಈ ತತ್ತ್ವವನ್ನು ನಾನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇನೆ.

ನಮ್ಮ ದೇಶಕ್ಕೂ ಈ ಕಥೆಗೂ ಇರುವ ನಂಟು ಹಳೆಯದು. ಮುಂಬಯಿ ಕಲ್ಕತ್ತೆಗಳಲ್ಲಿ ಆಂಗ್ಲ ಮಾದರಿಯ ಅಟಾರ್ನಿಗಳೂ ಅವರ ಆರ್ಟಿಕಲ್ಡ್ ಗುಮಾಸ್ತರೂ ಇದ್ದರು. 1961ರ ಅಡ್ವೊಕೇಟ್ಸ್ ಶಾಸನ ಮತ್ತು 1976ರ ಅದರ ತಿದ್ದುಪಡಿಗಳಿಂದ ಅಟಾರ್ನಿಯೆಂಬ ಪ್ರತ್ಯೇಕ ವರ್ಗವು ಇಲ್ಲವಾದರೂ, ಮುಂಬಯಿಯಲ್ಲಿ ಸಾಲಿಸಿಟರ್ ಪರೀಕ್ಷೆಯು ಇಂದಿಗೂ ನಡೆದಿದೆ. ಕಿರಿಯ ವಕೀಲನಿಗೆ ಒಂದು ವರ್ಷದ ತರಬೇತಿಯನ್ನು ವಿಧಿಸಿದ್ದ ಬಾರ್ ಕೌನ್ಸಿಲಿನ ನಿಯಮಗಳನ್ನು ಸುಪ್ರೀಂ ಕೋರ್ಟು 1999ರಲ್ಲಿ ರದ್ದುಗೊಳಿಸಿತು. 2008ರ ನಿಯಮಗಳು ಮೂರು ವರ್ಷದ ವ್ಯಾಸಂಗಕ್ಕೆ 12 ವಾರಗಳ, ಐದು ವರ್ಷದ್ದಕ್ಕೆ 20 ವಾರಗಳ ಇಂಟರ್ನ್‌ಶಿಪ್ಪನ್ನು ಕಡ್ಡಾಯಗೊಳಿಸಿದುವು. ಮಾಧವ ಮೆನನ್ನರು ಕಟ್ಟಿ ಬೆಳೆಸಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪ್ರತಿಭಾವಂತರನ್ನು ಈ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನ ದೊಡ್ಡ ಸಂಸ್ಥೆಗಳು ರಜಾಕಾಲಕ್ಕೆ ಕರೆಸಿಕೊಂಡು ಟ್ರೈನೀ ಸ್ಥಾನಗಳನ್ನು ಕೊಟ್ಟಾಗ, ಆ ಶಾಲೆಯಿರುವ ನಾಗರಭಾವಿಯ ತರುಣರಿಗೂ ಚಾನ್ಸರಿ ಲೇನಿಗೂ ನೇರವಾದ ದಾರಿಯೊಂದು ಬಿದ್ದಿತು. ಹೊಸ ಪರೀಕ್ಷೆಯು ಆ ದಾರಿಯನ್ನು ಇನ್ನಷ್ಟು ಅಗಲಿಸಿದೆ: ಇಲ್ಲಿ ಸನ್ನದು ಪಡೆದ ವಕೀಲನಿಗೆ ಎರಡು ವರ್ಷಗಳ ಅನುಭವದ ನಿಯಮದಿಂದ ವಿನಾಯಿತಿಯುಂಟು, ಪರೀಕ್ಷೆಯ ಮೊದಲ ಭಾಗವನ್ನು ಇಂಗ್ಲೆಂಡಿನ ಹೊರಗಣ ಕೇಂದ್ರಗಳಲ್ಲಿಯೂ ಬರೆಯಬಹುದು, ಎರಡನೆಯ ಭಾಗದ ಮೌಖಿಕ ಪರಿಶೋಧನೆಗೆ ಮಾತ್ರ ಆ ದೇಶಕ್ಕೇ ಹೋಗಬೇಕು. ಅಲ್ಲಿಯೂ ತೇರ್ಗಡೆಯಾಗಿ ಸಾಲಿಸಿಟರ್ ಎಂಬ ಬಿರುದು ಕೈಗೆ ಬಂದ ತರುವಾಯ, ವೀಸಾವನ್ನು ಪ್ರಾಯೋಜಿಸಲು ಸಿದ್ಧವಿರುವ ಸಂಸ್ಥೆಯೊಂದನ್ನು ಹುಡುಕಿ, ಧಾರವಾಡದಿಂದಲೋ ಮಂಗಳೂರಿನಿಂದಲೋ ಹೊರಟ ವಕೀಲೆಯೊಬ್ಬಳು ತನ್ನನ್ನು ಕಂಡರಿಯದ ಪಾಲುದಾರನೊಬ್ಬನಿಗೆ, ನಿಮ್ಮ ಸಂಸ್ಥೆಯೇ ಏಕೆ ಎಂಬುದಕ್ಕೆ ಉತ್ತರವನ್ನು ಬರೆಯಲು ಕೂರಬೇಕು.