ಬಿರಿದ ಧಮನಿ: ಬೆಲೂನು ಚಿಕಿತ್ಸೆಯ ಚರಿತ್ರೆಯಲ್ಲೊಂದು ಅಧ್ಯಾಯ

ಹೃದಯಕ್ಕೆ ರಕ್ತವನ್ನೊದಗಿಸುವ ಧಮನಿಯ ಇಕ್ಕಟ್ಟನ್ನು ಪುಟ್ಟ ಬೆಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯನ್ನು ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಮೊದಲು ಕೈಗೊಂಡದ್ದು 1977ರ ಸೆಪ್ಟೆಂಬರ್ 16ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ. ಇದು ಸುಪ್ರಸಿದ್ಧ. ಅಂದು ಎದೆ ತೆರೆಯಬಲ್ಲ ಶಸ್ತ್ರವೈದ್ಯರು ಸನ್ನದ್ಧರಾಗಿ ಕಾದಿದ್ದರೆಂಬುದು ಅಷ್ಟು ಪ್ರಸಿದ್ಧವಲ್ಲ. ಪ್ರಸ್ತುತ ವಿಷಯಕ್ಕೆ ಅದೇ ಮುಖ್ಯ.

ಆ ಕಾವಲು ಏತಕ್ಕೆ? ಬೆಲೂನು ಕೊಬ್ಬಿನ ಗಂಟನ್ನು ಅದುಮಿ ಗೋಡೆಗೆ ಒತ್ತುವುದೆಂದು ಮೊದಮೊದಲು ಭಾವಿಸಲಾಗಿತ್ತು. ವಸ್ತುಸ್ಥಿತಿ ಬೇರೆ. ಗಂಟು ಬಿರಿಯುತ್ತದೆ, ಒಳಪದರ ಹರಿಯುತ್ತದೆ, ಗೋಡೆ ಹಿಗ್ಗುತ್ತದೆ. ದಾರಿ ತೆರೆಯುವುದೇ ಹೀಗೆ. ಹರಿದ ಪದರವು ಒಳಕ್ಕೆ ಜೋತುಬಿದ್ದರೆ, ಅಥವಾ ಗಾಯದ ಮೇಲೆ ರಕ್ತ ಹೆಪ್ಪುಗಟ್ಟಿದರೆ, ತೆರೆದ ದಾರಿ ಕೆಲವೇ ನಿಮಿಷಗಳಲ್ಲಿ ಮುಚ್ಚಬಹುದು. ಉಪಕಾರಕ್ಕೂ ಅಪಾಯಕ್ಕೂ ಮೂಲ ಒಂದೇ ಗಾಯ. ಆರಂಭದ ವರ್ಷಗಳಲ್ಲಿ ನೂರರಲ್ಲಿ ನಾಲ್ಕಾರು ಮಂದಿಗೆ ಈ ವಿಪತ್ತು ಒದಗುತ್ತಿತ್ತು. ಬೆಲೂನನ್ನು ಮತ್ತೆ ಉಬ್ಬಿಸಿ, ಹೆಚ್ಚು ಹೊತ್ತು ಹಿಡಿದು, ಪದರವನ್ನು ಗೋಡೆಗೆ ಅಂಟಿಸಲು ಯತ್ನಿಸುತ್ತಿದ್ದರು. ಫಲಿಸದಿದ್ದರೆ ರೋಗಿಯನ್ನು ಶಸ್ತ್ರಕ್ರಿಯೆಗೆ ಒಯ್ಯುತ್ತಿದ್ದರು. ಬ್ಯಾಂಕಿನವನಾದ ನನಗೆ ಈ ಏರ್ಪಾಡು ಮೀಸಲು ನಿಧಿಯಂತೆ ತೋರುತ್ತದೆ: ನಿತ್ಯ ಬೇಕಾಗದು, ಅದಿಲ್ಲದೆ ವ್ಯವಹಾರವನ್ನು ಆರಂಭಿಸುವಂತೆಯೂ ಇಲ್ಲ.

1986ರಲ್ಲಿ ಫ್ರಾನ್ಸಿನ ಟುಲೂಸಿನಲ್ಲಿ ಜಾಕ್ ಪ್ಯುಎಲ್, ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ ಉಲ್ರಿಕ್ ಸಿಗ್ವಾರ್ಟ್, ಮನುಷ್ಯರ ಹೃದಯಧಮನಿಯಲ್ಲಿ ಲೋಹದ ಜಾಲರಿಯ ಕೊಳವೆಯನ್ನು, ಎಂದರೆ ಸ್ಟೆಂಟನ್ನು, ಇರಿಸಿದರು. ಬಾವಿ ಕುಸಿಯದಂತೆ ಉಂಗುರ ಇಳಿಸಿದ ಹಾಗೆ. ಹಿಂದಿನ ವರ್ಷವೇ ವಿಮಾನಾಪಘಾತದಲ್ಲಿ ಮಡಿದಿದ್ದ ಗ್ರುಂಟ್ಸಿಗ್ ಇದನ್ನು ಕಾಣಲಿಲ್ಲ.

ಸ್ಟೆಂಟಿನಿಂದ ಹರಿದ ಪದರಕ್ಕೆ ಆಸರೆ ದೊರೆಯಿತಾದರೂ ಲೋಹದ ಮೇಲೆಯೇ ರಕ್ತ ಹೆಪ್ಪುಗಟ್ಟತೊಡಗಿತು. 1991ರಲ್ಲಿ ಪ್ರಕಟವಾದ ಯುರೋಪಿನ ವರದಿಯೊಂದರಲ್ಲಿ 105 ರೋಗಿಗಳ ಪೈಕಿ 25 ಮಂದಿಯ ಸ್ಟೆಂಟುಗಳು ಮುಚ್ಚಿದ್ದವು. ಇದನ್ನು ತಡೆಯಲು ಉಗ್ರವಾದ ಔಷಧಗಳನ್ನಿತ್ತರೆ, ನಳಿಕೆ ತೂರಿಸಿದ ತೊಡೆಸಂದಿಯ ಧಮನಿಯಿಂದ ರಕ್ತ ಸುರಿಯುತ್ತಿತ್ತು. ಒಂದು ಧಮನಿಯನ್ನು ಕಾಯಲು ಹೋಗಿ ಇನ್ನೊಂದು ಸಂಕಟಕ್ಕೀಡಾಯಿತು.

ತೊಡಕನ್ನು ಬಿಡಿಸುವಲ್ಲಿ ಮಿಲಾನಿನ ಆಂಟೋನಿಯೊ ಕೊಲೊಂಬೊ ಅವರ ಪಾತ್ರ ದೊಡ್ಡದು. ಧಮನಿಯೊಳಗಿನಿಂದಲೇ ಶಬ್ದತರಂಗಗಳ ಮೂಲಕ ನೋಡಿದಾಗ, ಅನೇಕ ಸ್ಟೆಂಟುಗಳು ಪೂರ್ತಿ ಅರಳಿರಲೇ ಇಲ್ಲ! ಹೆಚ್ಚಿನ ಒತ್ತಡದಿಂದ ಅರಳಿಸಿದರೆ, ಆಸ್ಪಿರಿನ್ ಮತ್ತು ಟಿಕ್ಲೋಪಿಡಿನ್ ಗುಳಿಗೆಗಳೇ ಸಾಕೆಂದು ಅವರ ತಂಡ 1995ರಲ್ಲಿ ತೋರಿಸಿತು. ಮದ್ದು ಲೇಪಿಸಿದ ಸ್ಟೆಂಟುಗಳು ಈ ಶತಮಾನದ ಆರಂಭದಲ್ಲಿ ಬಂದವು. ಅವುಗಳ ಮೇಲೆ ಹೊಸ ಒಳಪದರ ಬೆಳೆಯುವುದು ನಿಧಾನವಾದ್ದರಿಂದ ಗುಳಿಗೆಗಳ ಅವಧಿ ಮತ್ತೆ ದೀರ್ಘವಾಯಿತು. ಹಲ್ಲು ಕೀಳಿಸುವ ನೆಪದಲ್ಲಿ ತಾವಾಗಿಯೇ ಅವನ್ನು ನಿಲ್ಲಿಸಿದವರ ಸ್ಟೆಂಟು ಹಠಾತ್ತನೆ ಮುಚ್ಚುವ ಅಪಾಯವೂ ಅದರೊಡನೆ ಬಂದಿತು.