ಫ್ಯಾನ್ ವಿಮಾನದ ಜಾಗಕ್ಕೆ ಜೆಟ್: ಹುಬ್ಬಳ್ಳಿ, ಬೀದರ್‌ಗೆ ಹೋಗೋರಿಗೆ ಎಷ್ಟು ಲಾಭ?

ಬೈರಮಂಗಲ: ಬೆಂಗಳೂರಿನಿಂದ ಹುಬ್ಬಳ್ಳಿ, ಬೀದರ್ ಕಡೆಗೆ ವಿಮಾನದ ಟಿಕೆಟ್ ಮಾಡುವಾಗ ಒಂದು ಕಡೆ ‘ಎಟಿಆರ್’, ಇನ್ನೊಂದು ಕಡೆ ‘ಎಂಬ್ರೇಯರ್’ ಅಂತ ಬರುತ್ತದೆ. ಮೊದಲನೆಯದು ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಟರ್ಬೊಪ್ರಾಪ್. ಎರಡನೆಯದು ಸಣ್ಣ ಜೆಟ್. ಯಾವುದರಲ್ಲಿ ಹೋದರೆ ಏನು ಲಾಭ? ಇಲ್ಲಿದೆ ಮಾಹಿತಿ.

ವ್ಯತ್ಯಾಸ ಏನು?

ಫ್ಯಾನ್ ಇದ್ದ ಮಾತ್ರಕ್ಕೆ ಅದು ಹಳೇ ಕಾಲದ ವಿಮಾನ ಅಲ್ಲ. ಫ್ಯಾನ್ ತಿರುಗಿಸೋದು ಜೆಟ್‌ನಲ್ಲಿರುವಂಥದ್ದೇ ಟರ್ಬೈನ್ ಇಂಜಿನ್. ಎಟಿಆರ್-72 ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹೋಗುತ್ತದೆ, ಎಂಬ್ರೇಯರ್ ಜೆಟ್ 800 ದಾಟುತ್ತದೆ. ಜೆಟ್ ಇನ್ನೂ ಎತ್ತರದಲ್ಲಿ ಹಾರುವುದರಿಂದ ಮೋಡದ ಕುಲುಕಾಟ ಕಡಿಮೆ. ಆದರೆ ಎಟಿಆರ್‌ಗೆ ಇಂಧನ ಬಹಳ ಕಡಿಮೆ ಸಾಕು, ಚಿಕ್ಕ ರನ್‌ವೇಯಲ್ಲೂ ಇಳಿಯುತ್ತದೆ.

ಅದೇ ಹುಬ್ಬಳ್ಳಿ, ಎರಡು ಕಾಲ

ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಶುರು ಮಾಡಿದ್ದು ಎಟಿಆರ್‌ನಲ್ಲಿ. 2019ರ ಜನವರಿ 25ರಂದು ಸ್ಟಾರ್ ಏರ್ ಶುರುವಾಗಿದ್ದೂ ಇದೇ ಮಾರ್ಗದಲ್ಲಿ. ಆದರೆ ಈ ಸಲ ಬಂದಿದ್ದು 50 ಸೀಟಿನ ಇಆರ್‌ಜೆ-145 ಜೆಟ್. ಆಮೇಲೆ ಈ ಕಂಪನಿ 76 ಸೀಟಿನ ಇ175 ಜೆಟ್ ಕೂಡ ತಂದಿತು. ಹಾಗಂತ ಎಟಿಆರ್ ಮಾಯವಾಗಿಲ್ಲ. ಶಿವಮೊಗ್ಗ ನಿಲ್ದಾಣಕ್ಕೆ 2023ರ ಆಗಸ್ಟ್ 31ರಂದು ಮೊದಲು ಬಂದಿಳಿದ ಪ್ರಯಾಣಿಕ ವಿಮಾನ ಇಂಡಿಗೋದ ಎಟಿಆರ್.

ಬೀದರ್ ಕಲಿಸಿದ ಪಾಠ

ಬೀದರ್‌ಗೆ 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಎಟಿಆರ್ ಬಂತು, ಆಮೇಲೆ ನಿಂತಿತು. 2022ರ ಜೂನ್‌ನಲ್ಲಿ ಸ್ಟಾರ್ ಏರ್ ಜೆಟ್ ಬಂತು. 2023ರ ಕೊನೆಗೆ ಅದೂ ನಿಂತಿತು. ರಾಜ್ಯ ಸರ್ಕಾರ ನೆರವು ಕೊಡಲು ಮುಂದಾದ ಮೇಲೆ 2025ರ ಏಪ್ರಿಲ್‌ನಲ್ಲಿ ಹಾರಾಟ ಮತ್ತೆ ಶುರುವಾಯಿತು. ಅಂದರೆ ವಿಮಾನ ಉಳಿಯೋದು ಇಂಜಿನ್ ಯಾವುದು ಅನ್ನೋದರಿಂದ ಅಲ್ಲ, ಸೀಟು ತುಂಬುತ್ತಾ, ತುಂಬದಿದ್ದರೆ ನಷ್ಟ ಯಾರು ಹೊರುತ್ತಾರೆ ಅನ್ನೋದರಿಂದ. ಉಡಾನ್ ಯೋಜನೆಯಲ್ಲಿ ಸರ್ಕಾರ ಒಂದಷ್ಟು ಸೀಟಿಗೆ ದರ ಮಿತಿ ಹಾಕಿ, ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಆಮೇಲೆ ಕಂಪನಿಯೇ ಲೆಕ್ಕ ಹಾಕಬೇಕು.

ಅಮೆರಿಕದಲ್ಲೂ ಇದೇ ಆಗಿದೆ. 1990ರ ದಶಕದಲ್ಲಿ ಅಲ್ಲಿ ಫ್ಯಾನ್ ವಿಮಾನ ಬಿಟ್ಟು 50 ಸೀಟಿನ ಜೆಟ್‌ಗಳನ್ನು ರಾಶಿ ರಾಶಿ ಕೊಂಡರು. 2008ರ ಹೊತ್ತಿಗೆ ಕಚ್ಚಾ ತೈಲದ ಬೆಲೆ ಗಗನಕ್ಕೇರಿದಾಗ ಅವೇ ಜೆಟ್‌ಗಳು ಕಂಪನಿಗಳಿಗೆ ಹೊರೆಯಾದವು.

ನಮಗೆ ಎಷ್ಟು ಉಳಿತಾಯ?

ಹುಬ್ಬಳ್ಳಿಗೆ ಜೆಟ್‌ನಲ್ಲಿ ಹೋದರೆ ಉಳಿಯೋದು ಹೆಚ್ಚೆಂದರೆ 15–20 ನಿಮಿಷ. ಬೀದರ್‌ಗೆ ಅರ್ಧ ಗಂಟೆ ಆಸುಪಾಸು. ಬೈರಮಂಗಲದಿಂದ ದೇವನಹಳ್ಳಿ ನಿಲ್ದಾಣ ಸುಮಾರು 70 ಕಿ.ಮೀ. ದೂರ. ಬೆಂಗಳೂರು ಟ್ರಾಫಿಕ್‌ನಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡರೆ ಆ ಉಳಿತಾಯ ಅಲ್ಲೇ ಖಲಾಸ್. ಹಾಗಾಗಿ ಟಿಕೆಟ್ ಮಾಡುವಾಗ ವಿಮಾನದ ಮಾದರಿಗಿಂತ ಹೊರಡುವ ಹೊತ್ತು, ದರ, ವಾರದಲ್ಲಿ ಎಷ್ಟು ದಿನ ಹಾರಾಟ ಇದೆ ಅನ್ನೋದನ್ನು ಮೊದಲು ನೋಡಿ. ಸೂಟ್‌ಕೇಸ್ ಕೂಡ ಸಣ್ಣದಿರಲಿ: ಎಟಿಆರ್, ಇಆರ್‌ಜೆ-145 ಎರಡರಲ್ಲೂ ತಲೆ ಮೇಲಿನ ಲಗೇಜ್ ಜಾಗ ಕಿರಿದು.

ಎರಡನೇ ನಿಲ್ದಾಣ ಬಂದರೆ?

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ 2025ರಲ್ಲಿ ಸರ್ಕಾರ ಗುರುತಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿವೆ, ಇನ್ನೊಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿದೆ. ದೇವನಹಳ್ಳಿ ನಿಲ್ದಾಣದ ಜೊತೆಗಿನ ಕರಾರಿನಂತೆ 2033ರವರೆಗೆ 150 ಕಿ.ಮೀ. ಒಳಗೆ ಹೊಸ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶ ಇಲ್ಲ. ಮುಂದೆ ಅದು ಕನಕಪುರ ರಸ್ತೆಗೆ ಬಂದರೆ, ಜಮೀನು ಕಳೆದುಕೊಳ್ಳುವವರ ಕಷ್ಟ ಬೇರೆ ಮಾತು, ಈ ಭಾಗದ ಪ್ರಯಾಣಿಕರಿಗೆ ಉಳಿಯುವ ಹೊತ್ತು ಯಾವ ಜೆಟ್ ಉಳಿಸುವುದಕ್ಕಿಂತಲೂ ಹೆಚ್ಚು.